ತಿದ್ದಿ ಬರೆಯೋಕೆ ಐದು ಹಳೇ ಕಂಪ್ಯೂಟರ್: ಚಿಂತಾಮಣಿ ಕಡೆಯ ಒಂದು ಶಾಲೆಯಲ್ಲಿ ಮಾಡಿದ ಕೆಲಸ

ಚಿಂತಾಮಣಿ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಐದು ಕಂಪ್ಯೂಟರ್ ಕೂರಿಸಿದ್ದೇವೆ. ನಾಲ್ಕು ಮತ್ತು ಐದನೇ ತರಗತಿ ಮಕ್ಕಳು ಕನ್ನಡದಲ್ಲಿ ಬರೆಯೋದಕ್ಕೆ ಅಂತಲೇ. ಗೇಮ್ ಇಲ್ಲ, ಇಂಟರ್ನೆಟ್ ಇಲ್ಲ. ಬರೆಯೋದು, ಓದಿ ನೋಡೋದು, ತಿದ್ದೋದು, ಪ್ರಿಂಟ್ ತೆಗೆದು ಗೋಡೆಗೆ ಅಂಟಿಸೋದು, ಅಷ್ಟೇ. ನಾನು ಚಿಂತಾಮಣಿಯಲ್ಲಿ ಕಂಪ್ಯೂಟರ್ ಸರ್ವಿಸ್ ಅಂಗಡಿ ಇಟ್ಟುಕೊಂಡಿರುವವನು. ಪಾಠದ ಕಡೆ ಪೂರ್ತಿ ನೋಡಿಕೊಂಡವರು ಅಲ್ಲಿನ ಕನ್ನಡ ಟೀಚರ್. ಇದೇ ಥರದ್ದು ಮಾಡಬೇಕು ಅಂದುಕೊಂಡವರಿಗೆ ಉಪಯೋಗಕ್ಕೆ ಬರಲಿ ಅಂತ ಏನು ಮಾಡಿದೆವು, ಯಾಕೆ ಹಾಗೆ ಮಾಡಿದೆವು ಅಂತ ಬರೆದಿಡುತ್ತಿದ್ದೇನೆ.

ಕೆಲಸಕ್ಕೆ ಕೈ ಹಾಕೋ ಮುಂಚೆ ಟೀಚರ್ ಒಂದು ಮಾತು ಹೇಳಿದ್ದರು. "ನಮ್ಮ ಮಕ್ಳಿಗೆ ಬರೆಯೋಕೆ ಬರಲ್ಲ ಅಂತಲ್ಲ ಸಾರ್. ಬರೆದಿದ್ದನ್ನ ತಿದ್ದು ಅಂದ್ರೆ ಮುಖ ಸಪ್ಪಗಾಗುತ್ತೆ." ಯಾಕಾಗಲ್ಲ? ಒಂಬತ್ತು ವರ್ಷದ ಮಗು ಒಂದು ಪುಟ ಬರೆಯೋಷ್ಟರಲ್ಲಿ ಬೆರಳು ನೋಯುತ್ತದೆ. ನಡುವೆ ಒಂದು ವಾಕ್ಯ ಸೇರಿಸಬೇಕು ಅಂದರೆ ಇಡೀ ಪುಟ ಮತ್ತೆ ಬರೆಯಬೇಕು. ಹಾಗಾಗಿ ಮೊದಲು ಬರೆದದ್ದೇ ಕೊನೆಯದ್ದೂ ಆಗುತ್ತದೆ. ಟೀಚರ್ ಕೆಂಪು ಇಂಕಿನಲ್ಲಿ ಗೆರೆ ಎಳೆಯುತ್ತಾರೆ, ಮಗು ನೋಡುತ್ತದೆ, ನೋಟ್‌ಬುಕ್ ಮುಚ್ಚುತ್ತದೆ. ಮಕ್ಕಳಿಗಾಗಿ ಲೋಗೋ ಅನ್ನೋ ಕಂಪ್ಯೂಟರ್ ಭಾಷೆ ರೂಪಿಸಿದವರಲ್ಲಿ ಒಬ್ಬರಾದ ಸೀಮೋರ್ ಪ್ಯಾಪರ್ಟ್ 1980ರಲ್ಲೇ ಇದನ್ನು ಬರೆದಿದ್ದರು. ತಿರುಗಿ ಬರೆಯೋದು ಮಕ್ಕಳಿಗೆ ಅಷ್ಟು ಭಾರ, ಅದಕ್ಕೇ ಮೊದಲ ಕರಡೇ ಕೊನೆ ಪ್ರತಿಯಾಗುತ್ತದೆ, ಕಂಪ್ಯೂಟರ್ ಇದ್ದರೆ ಆ ಭಾರ ಇಳಿಯುತ್ತದೆ ಅಂತ.

ನಮ್ಮ ಇಡೀ ಕೆಲಸಕ್ಕೆ ಇದೊಂದೇ ಅಳತೆಗೋಲು. ಮಗು ಬರೆದದ್ದನ್ನು ತಿದ್ದೋಕೆ ಏನೇನು ಅಡ್ಡ ಬರುತ್ತದೋ ಅದನ್ನೆಲ್ಲ ತೆಗೆಯಬೇಕು. ಕರೆಂಟಿನಿಂದ ಹಿಡಿದು ಕೀಬೋರ್ಡಿನ ಒಂದು ಕೀಲಿ ತನಕ.

ಮೆಷಿನ್‌ಗಳು

ಊರಿನ ಹಳೇ ವಿದ್ಯಾರ್ಥಿಯೊಬ್ಬರು ಬೆಂಗಳೂರಿನ ತಮ್ಮ ಆಫೀಸಿನಿಂದ ತೆಗೆಸಿಕೊಟ್ಟ ಡೆಸ್ಕ್‌ಟಾಪ್‌ಗಳು ಇವು. ಕೋರ್ 2 ಡ್ಯುಯೋ ಕಾಲದವು, 2 ಜಿಬಿ ರ್‍ಯಾಮ್. ಕಂಪನಿಗಳು ಹೀಗೆ ಕೊಡುವಾಗ ಹಾರ್ಡ್ ಡಿಸ್ಕ್ ಬಿಚ್ಚಿಕೊಂಡೇ ಕೊಡುವುದು ವಾಡಿಕೆ, ಒಳಗಿನ ಮಾಹಿತಿ ಹೊರಗೆ ಹೋಗಬಾರದು ಅಂತ. ಇವೂ ಹಾಗೇ ಬಂದವು. ಒಂದು ರೀತಿಯಲ್ಲಿ ಒಳ್ಳೆಯದೇ. ಹದಿನೈದು ವರ್ಷದ ಹಾರ್ಡ್ ಡಿಸ್ಕ್ ನಂಬಿಕೊಂಡು ಮಕ್ಕಳ ಬರಹ ಇಡೋದಕ್ಕಿಂತ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗೋ 120 ಜಿಬಿ ಎಸ್ಎಸ್‌ಡಿ ಹಾಕೋದು ಮೇಲು. ಬೂಟ್ ಆಗೋದೂ ಬೇಗ. ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಐದು ನಿಮಿಷ ಕರ್ರನೆ ಪರದೆ ನೋಡಿಕೊಂಡು ಕೂರೋಕಾಗಲ್ಲ ಅಲ್ವಾ?

ಮೊದಲಿಗೆ ಎರಡು ಮೆಷಿನ್ ಬೀಪ್ ಬೀಪ್ ಅಂತ ಕೂಗಿ ನಿಂತವು. ರ್‍ಯಾಮ್ ಬಿಚ್ಚಿ, ಕಾಲುಗಳ ಚಿನ್ನದ ಬಣ್ಣದ ಪಟ್ಟಿಯನ್ನು ಪೆನ್ಸಿಲ್ ಅಳಿಸೋ ರಬ್ಬರಿನಿಂದ ಉಜ್ಜಿ, ಬ್ರಶ್ ಆಡಿಸಿ ಹಾಕಿದ ಮೇಲೆ ಸರಿಹೋದವು. ಪ್ರೊಸೆಸರ್ ಮೇಲಿನ ಪೇಸ್ಟ್ ಒಣಗಿ ಪುಡಿಯಾಗಿತ್ತು, ಎಲ್ಲದಕ್ಕೂ ಹೊಸದು ಹಚ್ಚಿದೆ. ಒಂದು ಎಸ್ಎಂಪಿಎಸ್ (ಮೆಷಿನ್‌ಗೆ ಕರೆಂಟ್ ಕೊಡೋ ಡಬ್ಬಿ) ಒಳಗೆ ಹಲ್ಲಿ ಸತ್ತು ಒಣಗಿಹೋಗಿತ್ತು. ಅದನ್ನು ರಿಪೇರಿ ಮಾಡೋಕೆ ಹೋಗದೆ ಬೇರೆ ಹಾಕಿದೆ. ಮಕ್ಕಳ ಕೈಗೆ ಕೊಡೋ ಮೆಷಿನ್‌ನಲ್ಲಿ ಎಸ್ಎಂಪಿಎಸ್ ವಿಷಯಕ್ಕೆ ಜುಗ್ಗತನ ಬೇಡ.

ಸಿಮಾಸ್ ಬ್ಯಾಟರಿ, ಅಂದರೆ ಬಟನ್ ಥರದ 2032 ಸೆಲ್, ಐದಕ್ಕೂ ಹೊಸದು. ಇದನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಆದರೆ ಇಂಟರ್ನೆಟ್ ಇಲ್ಲದ ಮೆಷಿನ್‌ಗೆ ದಿನಾಂಕ ಹೇಳೋದು ಆ ಸೆಲ್ ಒಂದೇ. ಅದು ಸತ್ತರೆ ಪ್ರತಿ ಸಲ ಆನ್ ಮಾಡಿದಾಗಲೂ ಗಡಿಯಾರ ಎಲ್ಲೋ ಹಿಂದಿನ ವರ್ಷಕ್ಕೆ ಹೋಗಿ ಕೂರುತ್ತದೆ. ಆಮೇಲೆ ಯಾವುದು ಮೊದಲ ಕರಡು, ಯಾವುದು ಎರಡನೇದು ಅಂತ ಫೈಲ್ ನೋಡಿ ಗೊತ್ತಾಗಲ್ಲ. ನಮಗೆ ಬೇಕಾಗಿದ್ದೇ ಆ ವ್ಯತ್ಯಾಸ.

ಮಾನಿಟರ್‌ಗಳು ಹಳೇ 17 ಇಂಚಿನ ಚೌಕದವು. "ಇವೆಲ್ಲ ಯಾಕೆ, ವೈಡ್ ಸ್ಕ್ರೀನ್ ತರೋಣ" ಅಂತ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಒಬ್ಬರು ಅಂದರು. ಬರೆಯೋಕೆ ಚೌಕದ್ದೇ ವಾಸಿ. ಪುಟ ಎತ್ತರಕ್ಕೆ ಕಾಣುತ್ತದೆ, ದೊಡ್ಡ ಅಕ್ಷರದಲ್ಲೂ ಮಗುವಿನ ಕಥೆ ಮುಕ್ಕಾಲುವಾಸಿ ಒಂದೇ ಪರದೆಯಲ್ಲಿ ನಿಲ್ಲುತ್ತದೆ.

ಮೇಜಿಗೆ ಕಡಪ ಕಲ್ಲು ಹಾಕಿಸಿದೆವು. ನಮ್ಮ ಕಡೆ ಅದು ಸಲೀಸಾಗಿ ಸಿಗುತ್ತದೆ, ಗೆದ್ದಲು ಹಿಡಿಯಲ್ಲ. ಎತ್ತರಕ್ಕೆ ಮಾತ್ರ ದೊಡ್ಡವರ ಅಳತೆ ಬೇಡ. ನಾಲ್ಕನೇ ಕ್ಲಾಸಿನ ನಾಲ್ಕೈದು ಮಕ್ಕಳನ್ನು ಬೆಂಚಿನ ಮೇಲೆ ಕೂರಿಸಿ, ಮೊಣಕೈ ಎಲ್ಲಿಗೆ ಬರುತ್ತದೆ ಅಂತ ಟೇಪ್ ಹಿಡಿದು, ಅಷ್ಟಕ್ಕೇ ಕಲ್ಲು ಕೂರಿಸಿದೆವು. ನಾನು ಅದರ ಮುಂದೆ ಕೂತರೆ ಮಂಡಿ ತಗಲುತ್ತದೆ.

ಕರೆಂಟು, ಅರ್ತಿಂಗು

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ಶಾಲೆಗೆ ಕಂಪ್ಯೂಟರ್ ಕೊಡೋರು ಮರೆಯೋ ವಿಷಯ ಇದು.

ಮೊದಲ ಮೆಷಿನ್ ಆನ್ ಮಾಡಿ ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ ಅಂದಿತು. ಮಲ್ಟಿಮೀಟರ್ ಇಟ್ಟು ನೋಡಿದರೆ ಕ್ಯಾಬಿನೆಟ್‌ನಲ್ಲಿ 110 ವೋಲ್ಟ್ ಆಸುಪಾಸು. ಮೆಷಿನ್ ಕೆಟ್ಟಿದೆ ಅಂತ ಅಲ್ಲ. ಎಸ್ಎಂಪಿಎಸ್ ಒಳಗೆ ಗಲಾಟೆ ಸಿಗ್ನಲ್ ಸೋಸೋಕೆ ಎರಡು ಸಣ್ಣ ಕೆಪಾಸಿಟರ್ ಇರುತ್ತವೆ. ಒಂದು ಫೇಸಿನಿಂದ ಬಾಡಿಗೆ, ಇನ್ನೊಂದು ನ್ಯೂಟ್ರಲ್‌ನಿಂದ ಬಾಡಿಗೆ. ಅರ್ತ್ ಸರಿಯಾಗಿದ್ದರೆ ಅವುಗಳಲ್ಲಿ ಸೋರೋ ಚೂರು ಕರೆಂಟ್ ನೆಲಕ್ಕೆ ಇಳಿದು ಹೋಗುತ್ತದೆ. ಅರ್ತ್ ಇಲ್ಲದಿದ್ದರೆ ಬಾಡಿ 230ರ ಅರ್ಧಕ್ಕೆ, ಅಂದರೆ 115ರ ಹತ್ತಿರ ನಿಲ್ಲುತ್ತದೆ. ಆ ಕರೆಂಟು ಸಣ್ಣದು, ಸುಮ್ನೆ ಜುಮ್ ಅನ್ನಿಸುತ್ತದೆ. ಆದರೆ ಮುಟ್ಟಿದ ಮಗು ಹೆದರಿ ಇನ್ನೊಂದು ಸಲ ಹತ್ತಿರ ಬರಲ್ಲ. ಅದಕ್ಕಿಂತ ಹೆಚ್ಚಾಗಿ, ನಾಳೆ ಒಳಗೆ ನಿಜವಾಗಿಯೂ ಏನಾದರೂ ಶಾರ್ಟ್ ಆದರೆ ಕಾಪಾಡೋಕೆ ಏನೂ ಇಲ್ಲ ಅಂತಾಯಿತು.

ಸಾಕೆಟ್‌ನಲ್ಲಿ ಮೂರನೇ ತೂತು ಇತ್ತು. ಹಿಂದಿನಿಂದ ವೈರೂ ಬಂದಿತ್ತು. ಆ ವೈರು ಹಿಡಿದುಕೊಂಡು ಹೋದರೆ ಹೊರಗಿನ ಗೋಡೆ ಹತ್ತಿರ ತುಕ್ಕು ಹಿಡಿದ ಪೈಪಿಗೆ ಕಟ್ಟಿತ್ತು. ಬೇಸಿಗೆಯಲ್ಲಿ ನಮ್ಮ ಕಡೆ ನೆಲ ಎಷ್ಟು ಒಣಗುತ್ತದೆ ಅಂತ ಗೊತ್ತಲ್ಲ. ಒಣ ನೆಲದಲ್ಲಿ ಅರ್ತ್ ಸರಿಯಾಗಿ ಕೆಲಸ ಮಾಡಲ್ಲ.

ಹೊಸ ಗುಂಡಿ ಎಲ್ಲಿ ತೆಗೆಯೋದು ಅನ್ನೋದೇ ಪ್ರಶ್ನೆ. ಅಡುಗೆ ಮಾಡೋ ಅಮ್ಮ ಒಬ್ಬರು ದಾರಿ ತೋರಿಸಿದರು. ಬಿಸಿಯೂಟ ಆದ ಮೇಲೆ ಮಕ್ಕಳು ತಟ್ಟೆ ಕೈ ತೊಳೆಯೋ ನೀರು ಪೈಪಿನಲ್ಲಿ ಹರಿದು ಶಾಲೆ ಹಿಂದಿನ ಬಾಳೆ ಗಿಡಗಳಿಗೆ ಹೋಗುತ್ತದೆ. "ಅಲ್ಲಿ ಯಾವಾಗ್ಲೂ ಹಸಿ ಇರುತ್ತೆ ನೋಡಿ ಅಣ್ಣ" ಅಂದರು. ಬೇಲಿಯ ಒಳಗಿನ ಜಾಗ, ಮಕ್ಕಳು ಹೋಗಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಅಲ್ಲೇ ಗುಂಡಿ ತೆಗೆಸಿ, ಎಂಟು ಅಡಿ ಜಿ.ಐ. ಪೈಪ್ ನಿಲ್ಲಿಸಿ, ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ ತುಂಬಿಸಿದೆವು. ಅಲ್ಲಿಂದ ಬೋರ್ಡಿನ ತನಕ ಹೊಸ ವೈರು. ಈಗ ನ್ಯೂಟ್ರಲ್ಲಿಗೂ ಅರ್ತಿಗೂ ನಡುವೆ ಎರಡು ವೋಲ್ಟಿಗಿಂತ ಕಮ್ಮಿ ತೋರಿಸುತ್ತದೆ. ಕ್ಯಾಬಿನೆಟ್ ತೆಪ್ಪಗಿದೆ. ಜೊತೆಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗೋ ಸ್ವಿಚ್) ಕೂಡ ಹಾಕಿಸಿದೆವು. ಮಕ್ಕಳು ಮುಟ್ಟೋ ಕಡೆ ಅದಿಲ್ಲದೆ ಕಂಪ್ಯೂಟರ್ ಆನ್ ಮಾಡಲ್ಲ ಅಂತ ಹೆಡ್‌ಮಾಸ್ಟರ್‌ಗೆ ಮೊದಲೇ ಹೇಳಿದ್ದೆ.

1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಎಳೆದ ಸೀಮೆ ನಮ್ಮದು. 2007ರ ತನಕ ಚಿಂತಾಮಣಿಯೂ ಕೋಲಾರ ಜಿಲ್ಲೆಯೇ. ಆದರೂ ಹಳ್ಳಿ ಶಾಲೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಕರೆಂಟ್ ಇರುತ್ತದೆ ಅಂತ ಯಾರೂ ಬಾಜಿ ಕಟ್ಟಲ್ಲ. ಮಗು ಬರೆದ ಪ್ಯಾರಾ ಒಂದು ಸಲ ಹಾರಿಹೋದರೆ ಸಾಕು, ಮತ್ತೆ ಪೆನ್ಸಿಲ್ಲೇ ವಾಸಿ ಅನ್ನುತ್ತದೆ. ಅದಕ್ಕೆ ಇನ್ವರ್ಟರ್ ಬೇಕೇ ಬೇಕು. ಪ್ಲಗ್ ಮೀಟರ್ ಹಾಕಿ ಅಳೆದರೆ ಒಂದು ಸಿಪಿಯು 60 ವ್ಯಾಟ್, ಮಾನಿಟರ್ 20 ವ್ಯಾಟ್ ತನಕ ಎಳೆಯುತ್ತಿತ್ತು. ಐದಕ್ಕೆ 400 ವ್ಯಾಟ್. ಊರಿನ ಹಾಲಿನ ಡೈರಿಯವರು ಕೊಡಿಸಿದ 850 ವಿಎ ಇನ್ವರ್ಟರ್, 150 ಎಎಚ್ ಬ್ಯಾಟರಿ. ಕಾಗದದ ಮೇಲೆ ಬ್ಯಾಟರಿಯಲ್ಲಿ 1800 ವ್ಯಾಟ್-ಅವರ್ ಇದೆ. ಅರ್ಧ ಮಾತ್ರ ನಮ್ಮದು ಅಂದುಕೊಂಡರೂ ಎರಡು ಪೀರಿಯಡ್ ಧಾರಾಳವಾಗಿ ಓಡುತ್ತದೆ.

ಇನ್ವರ್ಟರ್ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ. ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್ ಅಂತಲೋ ಇಕೋ ಅಂತಲೋ ಬರೆದಿರುತ್ತದೆ. ಅದನ್ನು ಯುಪಿಎಸ್ ಕಡೆಗೇ ಇಡಬೇಕು. ಇಲ್ಲದಿದ್ದರೆ ಕರೆಂಟ್ ಹೋಗಿ ಇನ್ವರ್ಟರ್‌ಗೆ ಬದಲಾಗೋ ಚೂರು ಹೊತ್ತಿನಲ್ಲಿ ಫ್ಯಾನಿಗೆ ಏನೂ ಆಗಲ್ಲ, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗುತ್ತದೆ.

ಕನ್ನಡ ಕೀಲಿಮಣೆ

ಮೆಷಿನ್‌ಗೆ ಡೆಬಿಯನ್ 12 ಅನ್ನೋ ಲಿನಕ್ಸ್, ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಹಾಕಿದೆ. ಬ್ರೌಸರ್ ಇಲ್ಲದಿದ್ದರೆ 2 ಜಿಬಿಯಲ್ಲಿ ಹಾಯಾಗಿ ಓಡುತ್ತದೆ. ಬರೆಯೋಕೆ ಲಿಬ್ರೆಆಫೀಸ್ ರೈಟರ್. ಅಲ್ಲಿ ತನಕ ಸಲೀಸು. ಕನ್ನಡ ಯಾವ ಕೀಬೋರ್ಡಿನಲ್ಲಿ ಬರೆಸೋದು ಅನ್ನೋದು ಮಾತ್ರ ಟೀಚರ್ ಜೊತೆ ಬಹಳ ಚರ್ಚೆಯಾದ ವಿಷಯ.

ಮೊಬೈಲಿನ ಥರ ಇಂಗ್ಲಿಷ್‌ನಲ್ಲಿ ಒತ್ತಿ ಕನ್ನಡ ಬರಿಸೋದು ನಮಗೆಲ್ಲ ರೂಢಿ. ನಾಲ್ಕನೇ ಕ್ಲಾಸಿನ ಮಗುವಿಗೆ ಅದು ಎರಡು ಸಲ ತಲೆಬಿಸಿ. "ಹಳ್ಳಿ" ಬರೆಯೋಕೆ ಮೊದಲು ಅದರ ಇಂಗ್ಲಿಷ್ ಸ್ಪೆಲಿಂಗ್ ಯೋಚಿಸಬೇಕು. ಈ ಮಕ್ಕಳ ಮನೆಯಲ್ಲಿ ಮಾತು ತೆಲುಗು, ಶಾಲೆಯಲ್ಲಿ ಕನ್ನಡ, ಈಗ ಮಧ್ಯೆ ಇಂಗ್ಲಿಷ್ ಬೇರೆ ಯಾಕೆ? ಇನ್‌ಸ್ಕ್ರಿಪ್ಟ್ ಅನ್ನೋ ಕೀಬೋರ್ಡ್ ಒಳ್ಳೆಯ ವಿನ್ಯಾಸ, ಸ್ವರ ಎಡಕ್ಕೆ, ವ್ಯಂಜನ ಬಲಕ್ಕೆ, ಭಾರತದ ಬೇರೆ ಭಾಷೆಗಳಿಗೂ ಅದೇ. ಆದರೆ ನಮ್ಮ ಸುತ್ತಮುತ್ತ ಕನ್ನಡ ಟೈಪ್ ಮಾಡೋ ಯಾರನ್ನೇ ಕೇಳಿ, ತಾಲ್ಲೂಕು ಕಚೇರಿ ಇರಲಿ ಡಿಟಿಪಿ ಅಂಗಡಿ ಇರಲಿ, ಅವರ ಕೈಗೆ ಕೂತಿರೋದು ಕೆ.ಪಿ. ರಾವ್ ಅವರ ವಿನ್ಯಾಸ. ನುಡಿ ಅನ್ನೋ ಕನ್ನಡ ತಂತ್ರಾಂಶದಲ್ಲಿ ಇರೋದು ಅದೇ, ಸರ್ಕಾರ ಒಪ್ಪಿದ್ದೂ ಅದೇ. ಮಕ್ಕಳಿಗೆ ಏನಾದರೂ ತೊಡಕಾದರೆ ಹೇಳಿಕೊಡೋಕೆ ಊರಲ್ಲಿ ಜನ ಇರಬೇಕು. ಅದಕ್ಕೇ ಅದನ್ನು ಹಿಡಿದೆವು. ಲಿನಕ್ಸ್‌ನಲ್ಲಿ ಕೀಬೋರ್ಡ್ ಭಾಷೆ ಬದಲಿಸೋ ಐಬಸ್ ಜೊತೆ ಎಂ17ಎನ್ ಪ್ಯಾಕೇಜ್ ಹಾಕಿದರೆ ಪಟ್ಟಿಯಲ್ಲಿ ಇದೇ ವಿನ್ಯಾಸ ಕೆಜಿಪಿ ಅಂತ ಸಿಗುತ್ತದೆ.

ಈ ವಿನ್ಯಾಸದಲ್ಲಿ ಮಕ್ಕಳಿಗೆ ಹಿಡಿಸಿದ್ದು ಶಿಫ್ಟ್. ಸ್ವರಕ್ಕೆ ಶಿಫ್ಟ್ ಒತ್ತಿದರೆ ದೀರ್ಘ: ಇ ಈ, ಉ ಊ, ಎ ಏ. ವ್ಯಂಜನಕ್ಕೆ ಒತ್ತಿದರೆ ಮಹಾಪ್ರಾಣ: ಕ ಖ, ದ ಧ, ಬ ಭ. ಟೀಚರ್ ಇದನ್ನು "ಶಿಫ್ಟ್ ಅಂದ್ರೆ ಉದ್ದ, ಇಲ್ಲಾ ಉಸಿರು" ಅಂತ ಹೇಳಿಕೊಟ್ಟರು. ಣ, ಳ ಬಂದಾಗ "ನಾಲಿಗೆ ಮಡಚು" ಅಂತ ಸೇರಿಸಿಕೊಂಡರು. ಟ ಮತ್ತು ಡ ಮಾತ್ರ ಕ್ಯೂ, ಡಬ್ಲ್ಯೂ ಕೀಲಿಯಲ್ಲಿ ಕೂತಿವೆ, ಅವನ್ನು ಬಾಯಿಪಾಠ ಮಾಡಬೇಕು. ಪೆನ್ಸಿಲ್‌ನಲ್ಲಿ ಬರೆಯುವಾಗ "ದನ"ವೋ "ಧನ"ವೋ ಅಂತ ಯೋಚಿಸದೆ ಗೀಚಿಬಿಡೋ ಹುಡುಗ ಇಲ್ಲಿ ಬೆರಳು ಎತ್ತಿ ಒಂದು ಕ್ಷಣ ನಿಲ್ಲುತ್ತಾನೆ. ಪಕ್ಕದವನನ್ನು ಕೇಳುತ್ತಾನೆ: "ಲೇ, ಶಿಫ್ಟಾ, ಬರೀದಾ?"

ಒತ್ತಕ್ಷರಕ್ಕೆ ಎಫ್ ಕೀಲಿ. "ಅಮ್ಮ" ಬರಬೇಕಂದರೆ ಅ, ಮ, ಆಮೇಲೆ ಎಫ್, ಮತ್ತೆ ಮ. ಎಫ್ ಒತ್ತಿದ ಕೂಡಲೇ ಪರದೆ ಮೇಲೆ "ಅಮ್" ಅಂತ ಅರ್ಧಕ್ಕೆ ನಿಲ್ಲುತ್ತದೆ. ಮೊದಲ ವಾರ ಎಲ್ಲರೂ ಅಲ್ಲಿಗೇ ಕೈ ಬಿಟ್ಟು "ಮಿಸ್, ತಪ್ಪಾಯ್ತು" ಅಂತ ಕೂಗಿದರು. ಇನ್ನೊಂದು ಮ ಒತ್ತು, ಕೆಳಗೆ ಹೋಗಿ ಕೂರುತ್ತೆ ಅಂತ ತೋರಿಸಿದ ಮೇಲೆ ಸರಿಹೋಯಿತು. ಅರ್ಕಾವತ್ತು ಮಾತ್ರ ಬೇರೆಯೇ ಕಥೆ. ಕೈಯಲ್ಲಿ "ಸೂರ್ಯ" ಬರೆಯುವಾಗ ನಾವು ಸೂ ಬರೆದು, ಯ ಬರೆದು, ಕೊನೆಗೆ ಅರ್ಕಾವತ್ತು ಎಳೆಯುತ್ತೇವೆ. ಕೀಬೋರ್ಡಿನಲ್ಲಿ ರ ಮೊದಲು, ಆಮೇಲೆ ಎಫ್, ಆಮೇಲೆ ಯ. ಕೈ ಅಭ್ಯಾಸದಂತೆ ಒತ್ತಿದವರಿಗೆ "ಸೂಯ್ರ" ಬಂತು. ಟೀಚರ್ ಒಬ್ಬಳನ್ನು ಎಬ್ಬಿಸಿ ಆ ಪದ ನಿಧಾನಕ್ಕೆ ಹೇಳಿಸಿದರು. ಸೂ... ರ್... ಯ. "ಬಾಯಲ್ಲಿ ಯಾವುದು ಮೊದಲು ಬಂತೋ ಅದನ್ನೇ ಮೊದಲು ಒತ್ತು." ಅಲ್ಲಿಂದಾಚೆಗೆ ವರ್ಷ, ಕಾರ್ಯ, ಮಾರ್ಕೆಟ್ ಎಲ್ಲಾ ಹಾಗೇ ಹೇಳಿಕೊಂಡೇ ಒತ್ತುತ್ತಾರೆ.

ಅಳಿಸೋದರಲ್ಲೂ ಒಂದು ವಿಷಯ ಇದೆ. ಬ್ಯಾಕ್‌ಸ್ಪೇಸ್ ಒಂದೊಂದೇ ತುಂಡು ತೆಗೆಯುತ್ತದೆ. "ಅಕ್ಕಿ" ಪದದ ಕೊನೆಗೆ ನಿಂತು ಒತ್ತಿದರೆ ಮೊದಲು ಗುಡಿಸು ಹೋಗಿ "ಅಕ್ಕ" ಆಗುತ್ತದೆ, ಇನ್ನೊಂದು ಸಲಕ್ಕೆ "ಅಕ್". ಡಿಲೀಟ್ ಕೀಲಿ ಹಾಗಲ್ಲ, ಕರ್ಸರ್ ಮುಂದಿರೋ ಅಕ್ಷರವನ್ನು ಒತ್ತು ಸಮೇತ ಒಂದೇ ಸಲಕ್ಕೆ ನುಂಗುತ್ತದೆ. ಅಕ್ಕಿಯನ್ನ ಅಕ್ಕ ಮಾಡಿ, ಅಕ್ಕನನ್ನ ತಿರುಗಿ ಅಕ್ಕಿ ಮಾಡೋದು ಸ್ವಲ್ಪ ದಿನ ಕ್ಲಾಸಿನ ದೊಡ್ಡ ತಮಾಷೆಯಾಗಿತ್ತು. ಆಡಲಿ ಅಂತ ಬಿಟ್ಟೆವು. ಕಾಗುಣಿತ ಅದರಲ್ಲೇ ಕಲಿತರು.

ಕೀಲಿಗಳ ಮೇಲೆ ಕನ್ನಡ ಅಕ್ಷರ ಬೇಕಲ್ಲ. ಕಾಗದದಲ್ಲಿ ಪ್ರಿಂಟ್ ಮಾಡಿ ಸೆಲ್ಲೋಟೇಪ್ ಅಂಟಿಸಿದ್ದು ಬಿಸಿಯೂಟದ ನಂತರದ ಒದ್ದೆ ಬೆರಳುಗಳಿಗೆ ತಡೆಯಲಿಲ್ಲ. ಚಿಂತಾಮಣಿಯಲ್ಲಿ ಗಾಡಿ ನಂಬರ್ ಪ್ಲೇಟ್ ಬರೆಯೋ ರೇಡಿಯಂ ಅಂಗಡಿಗೆ ಹೋದೆ. ಅಷ್ಟು ಸಣ್ಣ ಅಕ್ಷರ ಕತ್ತರಿಸೋಕೆ ಆಗಲ್ಲ, ಕ ಒಳಗಿನ ಸಣ್ಣ ತುಂಡು ಕಿತ್ತು ಬರುತ್ತೆ ಅಂದ ಹುಡುಗ, ಪ್ರಿಂಟ್ ಹಾಕಿ ಮೇಲೆ ಲ್ಯಾಮಿನೇಷನ್ ಕೊಡ್ತೀನಿ ಅಂದ. ಚೌಕ 13 ಮಿಲಿಮೀಟರ್, ಹಳದಿ ಹಿನ್ನೆಲೆ, ಕಪ್ಪು ಅಕ್ಷರ. ಕೆಳಗೆ ದೊಡ್ಡದಾಗಿ ಬರೀ ಅಕ್ಷರ, ಮೇಲಿನ ಮೂಲೆಯಲ್ಲಿ ಶಿಫ್ಟಿನದ್ದು. ಎಫ್ ಕೀಲಿಗೆ ಮಾತ್ರ ಕೆಂಪು ಚೌಕ, ಅದರಲ್ಲಿ "ಒತ್ತು" ಅಂತ ಬರೆಸಿದೆ.

ಇನ್ನು ತೆಗೆದುಹಾಕಿದ್ದು. ಕ್ಯಾಪ್ಸ್ ಲಾಕ್ ಕೆಲಸ ಮಾಡದ ಹಾಗೆ ಸೆಟ್ಟಿಂಗ್‌ನಲ್ಲೇ ನಿಲ್ಲಿಸಿದೆ. ಅದು ಆನ್ ಆದರೆ ಇಡೀ ಸಾಲು ದೀರ್ಘವೂ ಮಹಾಪ್ರಾಣವೂ ಆಗಿ ಕೂರುತ್ತದೆ. ಇನ್ಸರ್ಟ್ ಕೀಲಿಯ ಟೋಪಿಯನ್ನೇ ಕಿತ್ತು ಡಬ್ಬಿಗೆ ಹಾಕಿದೆ. ಗೊತ್ತಿಲ್ಲದೆ ಅದನ್ನು ಒತ್ತಿದರೆ ರೈಟರ್ ಓವರ್‌ರೈಟ್‌ಗೆ ಹೋಗುತ್ತದೆ, ಮಗು ನಡುವೆ ಒಂದು ವಾಕ್ಯ ಸೇರಿಸುತ್ತಿದ್ದಂತೆ ಮುಂದಿನ ವಾಕ್ಯ ಒಂದೊಂದೇ ಅಕ್ಷರ ಮಾಯವಾಗುತ್ತದೆ. ನಡುವೆ ಸೇರಿಸೋದಕ್ಕೇ ತಾನೇ ನಾವು ಇಷ್ಟೆಲ್ಲ ಮಾಡಿದ್ದು?

ರೈಟರ್ ಒಳಗೆ

ಲಿಬ್ರೆಆಫೀಸ್ ಕನ್ನಡವನ್ನು ಸಂಕೀರ್ಣ ಲಿಪಿಗಳ (ಸಿಟಿಎಲ್) ಗುಂಪಿಗೆ ಸೇರಿಸಿದೆ. ಇಂಗ್ಲಿಷ್‌ಗೆ ಒಂದು ಫಾಂಟ್, ಕನ್ನಡಕ್ಕೆ ಇನ್ನೊಂದು, ಎರಡನ್ನೂ ಬೇರೆ ಬೇರೆ ಕಡೆ ಹೇಳಬೇಕು. ಭಾಷೆಯ ಸೆಟ್ಟಿಂಗ್‌ನಲ್ಲಿ ಸಿಟಿಎಲ್ ಆನ್ ಮಾಡಿ, ಕನ್ನಡ ಆರಿಸಿ, ಆಮೇಲೆ ಸಿಟಿಎಲ್‌ನ ಬೇಸಿಕ್ ಫಾಂಟ್ ಪುಟಕ್ಕೆ ಹೋಗಿ ಹೆಸರು, ಗಾತ್ರ ಕೊಡಬೇಕು. ಅಲ್ಲಿ ಕೊಡದಿದ್ದರೆ ಪ್ರತಿ ಹೊಸ ಪುಟವೂ ಸಣ್ಣ ಅಕ್ಷರದಲ್ಲೇ ತೆರೆದುಕೊಳ್ಳುತ್ತದೆ. ಗುಬ್ಬಿ, ನವಿಲು, ಲೋಹಿತ್, ನೋಟೋ ಎಲ್ಲವೂ ಡೆಬಿಯನ್ ಪ್ಯಾಕೇಜ್‌ಗಳಲ್ಲೇ ಸಿಗುತ್ತವೆ. ನಾವು ಇಟ್ಟಿದ್ದು ನೋಟೋ ಸೆರಿಫ್ ಕನ್ನಡ, 24 ಪಾಯಿಂಟ್, ಸಾಲಿನ ನಡುವೆ ಒಂದೂವರೆ ಪಟ್ಟು ಜಾಗ. ಜಾಗ ಕಮ್ಮಿಯಾದರೆ "ರಾಷ್ಟ್ರ"ದಂಥ ಪದದ ಒತ್ತು ಕೆಳಗಿನ ಸಾಲಿನ ತಲೆ ತುಳಿಯುತ್ತದೆ.

ಕನ್ನಡ ಸ್ಪೆಲ್‌ಚೆಕ್ ಹಾಕಿ ನೋಡಿ ತೆಗೆದೆ. ಕನ್ನಡದಲ್ಲಿ ಒಂದು ಪದಕ್ಕೆ ಎಷ್ಟು ಬಾಲ ಬೇಕಾದರೂ ಅಂಟುತ್ತದೆ. ಮನೆ, ಮನೆಯಲ್ಲಿ, ಮನೆಯಲ್ಲಿದ್ದವರು, ಮನೆಯಲ್ಲಿದ್ದವರಿಗೂ. ಇವನ್ನೆಲ್ಲ ಪದಪಟ್ಟಿಯಲ್ಲಿ ಎಲ್ಲಿ ತುಂಬೋದು? ಸರಿಯಾಗಿ ಬರೆದ ಪದಕ್ಕೂ ಕೆಂಪು ಗೆರೆ ಬಂತು. ಕೆಂಪು ಇಂಕು ತಪ್ಪಿಸೋಕೆ ಅಂತ ಕಂಪ್ಯೂಟರ್ ತಂದು, ಅದರೊಳಗೂ ಕೆಂಪು ಗೆರೆಯೇ ಆದರೆ ಏನು ಬಂತು.

ಆಟೋ ರಿಕವರಿಯನ್ನು ಒಂದು ನಿಮಿಷಕ್ಕೆ ಇಳಿಸಿದೆ. ಜೊತೆಗೆ ಸಣ್ಣ ಸ್ಕ್ರಿಪ್ಟ್ ಒಂದು ಐದು ನಿಮಿಷಕ್ಕೊಮ್ಮೆ ಮಕ್ಕಳ ಫೋಲ್ಡರಿನಲ್ಲಿ ಬದಲಾದ ಫೈಲ್‌ಗಳನ್ನು ದಿನಾಂಕ, ಗಂಟೆ ಹಾಕಿ ಇನ್ನೊಂದು ಕಡೆ ಇಡುತ್ತದೆ. ಮಗು ಎಷ್ಟು ಅಳಿಸಿದರೂ ಹಳೇದು ಎಲ್ಲೋ ಇದೆ ಅನ್ನೋ ಧೈರ್ಯ ಟೀಚರ್‌ಗೆ ಇರುತ್ತದೆ.

ಒಂದು ದಿನ ಒಬ್ಬ ಹುಡುಗನ ಫೈಲ್ ಸೇವ್ ಆಗಲೇ ಇಲ್ಲ. ಹೋಗಿ ನೋಡಿದರೆ ಫೈಲಿಗೆ ಹೆಸರು ಕೊಡು ಅಂದಿದ್ದಕ್ಕೆ ಕಥೆಯ ಮೊದಲ ಎರಡು ವಾಕ್ಯವನ್ನೇ ಹೆಸರಾಗಿ ಬರೆದಿದ್ದ. ಈ ಫೈಲ್ ಸಿಸ್ಟಮ್‌ನಲ್ಲಿ ಹೆಸರಿಗೆ 255 ಬೈಟ್ ಜಾಗ. ಯೂನಿಕೋಡ್‌ನಲ್ಲಿ ಕನ್ನಡದ ಒಂದೊಂದು ತುಂಡಿಗೂ, ಗುಡಿಸಿಗೂ ಕೊಂಬಿಗೂ ಸೇರಿ, ಮೂರು ಮೂರು ಬೈಟ್ ಹಿಡಿಯುತ್ತದೆ. ಲೆಕ್ಕ ಹಾಕಿದರೆ 85 ತುಂಡು ಅಷ್ಟೇ. ಈಗ ಎಲ್ಲರೂ ತಮ್ಮ ಹೆಸರು, ಪಕ್ಕದಲ್ಲಿ ಒಂದು, ಎರಡು, ಮೂರು ಅಂತ ಹಾಕುತ್ತಾರೆ. ಮೂರು ಅಂದರೆ ಮೂರನೇ ಸಲ ತಿದ್ದಿದ್ದು.

ಹೆಡ್‌ಮಾಸ್ಟರ್ ತಮ್ಮ ಹಳೇ ನುಡಿ ಫೈಲ್‌ಗಳನ್ನು ಪೆನ್‌ಡ್ರೈವ್‌ನಲ್ಲಿ ತಂದರು, ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು. ಅವು ಯೂನಿಕೋಡ್ ಮುಂಚಿನ ಕಾಲದವು, ಪರಿವರ್ತಕದಲ್ಲಿ ಹಾಕಿ ಬದಲಿಸಿ ಕೊಟ್ಟೆ. ಮಕ್ಕಳದ್ದು ಮೊದಲಿನಿಂದಲೂ ಯೂನಿಕೋಡ್, ಹಾಗಾಗಿ ಆ ಪಾಡು ಇಲ್ಲ.

ಕ್ಲಾಸಿನಲ್ಲಿ

ಒಂದು ಮೆಷಿನ್‌ಗೆ ಇಬ್ಬರು. ಒಂದು ಸಲಕ್ಕೆ ಹತ್ತು ಮಕ್ಕಳು ಕಲ್ಲಿನ ಮುಂದೆ, ಉಳಿದವರು ನೆಲದ ಮೇಲೆ ಪೆನ್ಸಿಲ್ ಕಾಗದ ಹಿಡಿದುಕೊಂಡು. ಮೊದಲ ಕರಡು ಯಾವಾಗಲೂ ಪೆನ್ಸಿಲ್‌ನಲ್ಲೇ. ಇದು ಟೀಚರ್ ಹಟ ಹಿಡಿದ ವಿಷಯ, ಅವರು ಹೇಳಿದ್ದೇ ಸರಿ. ಕೀಲಿ ಹುಡುಕೋ ಕಾಲದಲ್ಲಿ ಮಗು ಹೇಳಬೇಕಾದ್ದನ್ನೇ ಮರೆಯುತ್ತದೆ, ಇಲ್ಲವೇ ಮೂರು ಪದಕ್ಕೆ ಮುಗಿಸಿಬಿಡುತ್ತದೆ. ಕಾಗದದಲ್ಲಿ ಇದ್ದದ್ದನ್ನು ಒಬ್ಬರು ಓದಿ ಹೇಳೋದು, ಇನ್ನೊಬ್ಬರು ಒತ್ತೋದು, ಆಮೇಲೆ ಅದಲುಬದಲು. ಅಮೆರಿಕದಲ್ಲಿ ಸ್ಟೀವ್ ಗ್ರಹಾಂ, ಡೊಲೊರೆಸ್ ಪೆರಿನ್ ಇಬ್ಬರೂ ಸೇರಿ 2007ರಲ್ಲಿ 4ರಿಂದ 12ನೇ ತರಗತಿ ಮಕ್ಕಳಿಗೆ ಬರವಣಿಗೆ ಕಲಿಸೋ ವಿಧಾನಗಳನ್ನು ತೂಗಿ ನೋಡಿ 11ನ್ನು ಆರಿಸಿದ್ದರು. ವರ್ಡ್ ಪ್ರೊಸೆಸರ್ ಅದರಲ್ಲಿ ಒಂದು, ಜೊತೆಗೂಡಿ ಬರೆಯೋದು ಇನ್ನೊಂದು. ಮೆಷಿನ್ ಕಮ್ಮಿ ಇದ್ದದ್ದರಿಂದ ಎರಡೂ ನಮಗೆ ಒಟ್ಟಿಗೇ ಸಿಕ್ಕವು.

ಐದನೇ ತರಗತಿಯ ಒಬ್ಬ ಹುಡುಗಿಯ ಫೈಲ್‌ಗಳನ್ನು ತೋರಿಸುತ್ತೇನೆ. ಒಂದನೇದು ಹೀಗಿತ್ತು: "ರೇಷ್ಮೆ ಹುಳು ಬಿಳಿ ಬಣ್ಣ. ಅದು ಸೊಪ್ಪು ತಿನ್ನುತ್ತದೆ. ಅದು ಗೂಡು ಕಟ್ಟುತ್ತದೆ. ರೇಷ್ಮೆ ಹುಳು ನಮಗೆ ತುಂಬಾ ಉಪಯೋಗ." ಎಲ್ಲ ಮಕ್ಕಳೂ ಹೀಗೇ ಬರೆಯುತ್ತಾರೆ. ಪಕ್ಕದಲ್ಲಿ ಕೂತಿದ್ದ ಹುಡುಗ ಕೇಳಿದ, "ನಿಮ್ಮನೇಲಿ ಸೊಪ್ಪು ಯಾರು ಹಾಕೋದು?" ಅವಳು ಕರ್ಸರನ್ನು ಎರಡನೇ ವಾಕ್ಯದ ಚುಕ್ಕಿ ಪಕ್ಕಕ್ಕೆ ತಂದಳು. "ರಾತ್ರಿ ಸೊಪ್ಪು ಹಾಕಲು ಅಮ್ಮ ಏಳುತ್ತಾಳೆ" ಅಂತ ಸೇರಿಸಿದಳು. ಉಳಿದ ವಾಕ್ಯಗಳು ತಾವಾಗೇ ಕೆಳಗೆ ಸರಿದವು. ಅವಳು ಅದನ್ನು ನೋಡುತ್ತಾ ಕೂತಳು. ಎರಡನೇ ಫೈಲ್ ಅಷ್ಟೇ.

ಮುಂದಿನ ವಾರದ ಮೂರನೇದರಲ್ಲಿ ಇನ್ನೂ ಎರಡು ವಾಕ್ಯ ಬಂದಿತ್ತು: "ಹುಳ ಜ್ವರಕ್ಕೆ ಕೂತಾಗ ಸೊಪ್ಪು ತಿನ್ನುವುದಿಲ್ಲ. ಆವಾಗ ಮಾತ್ರ ಅಮ್ಮ ಮಧ್ಯಾಹ್ನ ಮಲಗುತ್ತಾಳೆ." ರೇಷ್ಮೆ ಸಾಕೋ ಮನೆಯವರಿಗೆ ಇದು ಗೊತ್ತು. ಹುಳ ನಾಲ್ಕು ಸಲ ಜ್ವರಕ್ಕೆ ಕೂತು ಪೊರೆ ಬಿಡುತ್ತದೆ, ಆಗ ಮೇವು ಮುಟ್ಟಲ್ಲ. ನಾಲ್ಕನೇ ಜ್ವರ ಎದ್ದ ಮೇಲೆ ಹಣ್ಣಾಗಿ ಗೂಡು ಕಟ್ಟೋ ತನಕ ಅದು ತಿನ್ನೋ ಸೊಪ್ಪಿಗೆ ಲೆಕ್ಕವಿಲ್ಲ. ನಾಲ್ಕನೇ ಫೈಲ್‌ನಲ್ಲಿ "ನಮಗೆ ತುಂಬಾ ಉಪಯೋಗ" ಹೋಗಿತ್ತು. ಯಾಕಮ್ಮ ತೆಗೆದೆ ಅಂತ ಟೀಚರ್ ಕೇಳಿದ್ದಕ್ಕೆ "ಅದು ಎಲ್ರೂ ಬರೀತಾರೆ ಮಿಸ್" ಅಂದಳಂತೆ. ಅದರ ಜಾಗದಲ್ಲಿ ಗೂಡು ಶಿಡ್ಲಘಟ್ಟ ಮಾರ್ಕೆಟ್‌ಗೆ ಹೋದ ದಿನ ಅಪ್ಪ ಏನು ತಂದ ಅಂತ ಬರೆದಿದ್ದಳು.

ಎಲ್ಲ ಮಕ್ಕಳೂ ಹೀಗೆ ಅಂತ ಹೇಳಲ್ಲ. ಒಬ್ಬ ಪೂರ್ತಿ ಪೀರಿಯಡ್ ಅಕ್ಷರಕ್ಕೆ ಬಣ್ಣ ಬದಲಿಸುತ್ತಾ ಕೂತಿರುತ್ತಿದ್ದ, ಕೊನೆಗೆ ಟೂಲ್‌ಬಾರ್‌ನಿಂದ ಬಣ್ಣದ ಬಟನ್ನೇ ತೆಗೆದೆ. ಇನ್ನು ಕೆಲವರಿಗೆ ತಿದ್ದೋದು ಅಂದರೆ ದೀರ್ಘ, ಒತ್ತು ಸರಿ ಮಾಡೋದು ಅಷ್ಟೇ, ವಿಷಯದ ಕಡೆ ಹೋಗಲ್ಲ. ಅದನ್ನು ಯಾವ ಮೆಷಿನ್ನೂ ಕಲಿಸಲ್ಲ. ಪಕ್ಕದಲ್ಲಿ ಕೂತವರು ಪ್ರಶ್ನೆ ಕೇಳಬೇಕು. ಅದಕ್ಕೆ ಟೀಚರ್ ಒಂದು ನಿಯಮ ಮಾಡಿದ್ದಾರೆ: ಜೊತೆಗಾರ ಎರಡು ಪ್ರಶ್ನೆ ಕೇಳದೆ ಪ್ರಿಂಟ್ ಇಲ್ಲ.

ಪ್ರಿಂಟ್ ಎರಡು ಪ್ರತಿ. ಒಂದು ಗೋಡೆ ಪತ್ರಿಕೆಗೆ, ಇನ್ನೊಂದು ಮನೆಗೆ. 1920ರ ದಶಕದಲ್ಲಿ ಫ್ರಾನ್ಸಿನ ಹಳ್ಳಿ ಮೇಷ್ಟ್ರು ಸೆಲೆಸ್ಟಿನ್ ಫ್ರೆನೆ ತಮ್ಮ ಕ್ಲಾಸಿಗೆ ಸಣ್ಣ ಅಚ್ಚಿನ ಮೆಷಿನ್ ತಂದು ಮಕ್ಕಳ ಬರಹವನ್ನು ಮಕ್ಕಳ ಕೈಯಲ್ಲೇ ಮೊಳೆ ಜೋಡಿಸಿ ಅಚ್ಚು ಹಾಕಿಸುತ್ತಿದ್ದರು. ಅಚ್ಚಾಗುತ್ತದೆ ಅಂದಾಗ ಬರೆಯೋ ಹುರುಪೇ ಬೇರೆ. ಇಲ್ಲೂ ಅದೇ. ಮನೆಗೆ ಹೋದ ಪ್ರತಿ ಎಷ್ಟೋ ಕಡೆ ಮಗುವೇ ಓದಿ ತೆಲುಗಿನಲ್ಲಿ ಅರ್ಥ ಹೇಳಬೇಕು. ಅಜ್ಜಿ "ಇದು ನೀನೇ ಬರೆದಿದ್ದಾ?" ಅಂತ ಕೇಳಿ, ಇಲ್ಲಿ ಹಿಂಗಲ್ಲ ಆಗಿದ್ದು ಅಂತ ತಿದ್ದಿ ಕಳಿಸಿದ್ದೂ ಉಂಟು. ಸಂತ ಕವಿ ಕೈವಾರ ತಾತಯ್ಯನವರು ತೆಲುಗು, ಕನ್ನಡ ಎರಡರಲ್ಲೂ ಹಾಡು ಕಟ್ಟಿದ ಸೀಮೆ ಇದು, ಎರಡು ಭಾಷೆಯ ನಡುವೆ ಓಡಾಡೋದು ಯಾರಿಗೂ ಹೊಸದಲ್ಲ. ಹುಡುಗನೊಬ್ಬ ಕೈವಾರದ ಜಾತ್ರೆ ಬಗ್ಗೆ ಬರೆದದ್ದರಲ್ಲಿ ಅಜ್ಜಿ ಹೇಳಿದ ಮಾತು ತೆಲುಗಿನದ್ದೇ, ಕನ್ನಡ ಅಕ್ಷರದಲ್ಲಿದೆ. ಟೀಚರ್ ಅದನ್ನು ಹಾಗೇ ಬಿಟ್ಟರು.

ಉಳಿದ ಕೆಲಸ ಇಷ್ಟಿದೆ. ಎರಡನೇ ಮೆಷಿನ್‌ನ ಮಾನಿಟರ್ ಬೆಳಿಗ್ಗೆ ಸ್ವಲ್ಪ ಹೊತ್ತು ಮಿಣುಕುತ್ತದೆ, ಪವರ್ ಬೋರ್ಡಿನ ಕೆಪಾಸಿಟರ್ ಉಬ್ಬಿರಬೇಕು, ರಜೆಯಲ್ಲಿ ಬಿಚ್ಚಿ ಬದಲಿಸುತ್ತೇನೆ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ನೋಡೋ ಕೆಲಸ ಏಳನೇ ಕ್ಲಾಸಿಗೆ ಪಾಠ ಮಾಡೋ ಮೇಷ್ಟ್ರು ಒಪ್ಪಿಕೊಂಡಿದ್ದಾರೆ. ಬೇಸಿಗೆ ರಜೆಯಲ್ಲಿ ಬಿಸಿಯೂಟ ನಡೆಯದ ದಿನ ಬಾಳೆ ಗಿಡದ ಕಡೆ ನೀರು ಹೋಗಲ್ಲ, ಆಗ ಅರ್ತ್ ಗುಂಡಿಗೆ ಬಕೆಟ್‌ನಲ್ಲಿ ನೀರು ಹಾಕಬೇಕು, ಶಾಲೆ ಶುರುವಾಗೋ ಮುಂಚೆ ಮತ್ತೆ ಮೀಟರ್ ಹಿಡಿದು ನೋಡಬೇಕು. ಎಫ್ ಕೀಲಿಯ ಕೆಂಪು ಸ್ಟಿಕರ್ ಎಲ್ಲಕ್ಕಿಂತ ಬೇಗ ಸವೆಯುತ್ತಿದೆ. ರೇಡಿಯಂ ಅಂಗಡಿ ಹುಡುಗನಿಗೆ ಅದೊಂದನ್ನೇ ಒಂದು ಹಾಳೆ ತುಂಬ ಹಾಕಿಕೊಡು ಅಂತ ಹೇಳಿದ್ದೇನೆ.